ದಾವಣಗೆರೆಯಲ್ಲಿ ಹನ್ನೊಂದು ಮಂದಿಯನ್ನು ಊಟಕ್ಕೆ ಎಲ್ಲಿಗೆ ಕರೆದೊಯ್ಯಬಹುದು?

ವಿದ್ಯಾನಗರದ ಹೊಸಬ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ವರ್ಗಾವಣೆಯಾಗಿ ದಾವಣಗೆರೆಗೆ ಬಂದು ವಿದ್ಯಾನಗರದಲ್ಲಿ ಮನೆ ಮಾಡಿದ್ದೇನೆ. ಹಿಂದೆ ಉಡುಪಿಯಲ್ಲಿ ಕೆಲಸದಲ್ಲಿದ್ದಾಗ ನೆರೆಹೊರೆಯಾಗಿದ್ದ ಮೂರು ಕುಟುಂಬಗಳು ಬರುವ ಶನಿವಾರ ಮತ್ತು ಭಾನುವಾರ ನಮ್ಮಲ್ಲಿಗೆ ಬರಲಿವೆ. ನಾವೂ ಸೇರಿ ಒಟ್ಟು ಹನ್ನೊಂದು ಮಂದಿ. ನಮ್ಮದು ಚಿಕ್ಕ ಬಾಡಿಗೆ ಮನೆಯಾದ್ದರಿಂದ ಹೆಚ್ಚಿನ ಊಟ ತಿಂಡಿಗಳನ್ನೆಲ್ಲ ಹೊರಗೇ ಮುಗಿಸುವುದೆಂದು ನಿಶ್ಚಯಿಸಿದ್ದೇವೆ.

ತೊಡಕು ಇರುವುದು ಬರುವವರ ನಾಲಿಗೆಯಲ್ಲಿ. ಒಬ್ಬ ಹಿರಿಯ ದಂಪತಿ ಈರುಳ್ಳಿ, ಬೆಳ್ಳುಳ್ಳಿ ಮುಟ್ಟುವುದಿಲ್ಲ. ಆ ಯಜಮಾನರಿಗೆ ಮೊಣಕಾಲು ನೋವು ಬೇರೆ, ಮೆಟ್ಟಿಲು ಹತ್ತಲಾರರು. ಇನ್ನೊಂದು ಕುಟುಂಬದವರು ಮಾಂಸಾಹಾರಿಗಳು, "ನಿಮ್ಮ ಕಡೆಯ ಖಾರದ ಮಟನ್ ತಿನ್ನಿಸಲೇಬೇಕು" ಎಂದು ಈಗಲೇ ಹೇಳಿಟ್ಟಿದ್ದಾರೆ. ಮೂರನೆಯವರ ಮಕ್ಕಳು ಗೋಬಿ, ನೂಡಲ್ಸ್ ಬಿಟ್ಟು ಬೇರೆ ಏನನ್ನಾದರೂ ತಿಂದಾರೆಂಬ ಭರವಸೆ ಅವರ ತಾಯಿಗೇ ಇಲ್ಲ. ಬೆಣ್ಣೆ ದೋಸೆಯ ಬಗ್ಗೆ ಮಾತ್ರ ಎಲ್ಲರಿಗೂ ಒಮ್ಮತವಿದೆ.

ನಾನು ಈವರೆಗೆ ಹೋಗಿರುವುದು ನಮ್ಮ ಬಡಾವಣೆಯ ಸುತ್ತಮುತ್ತಲಿನ ಕೆಲವು ಫ್ಯಾಮಿಲಿ ರೆಸ್ಟೋರೆಂಟುಗಳಿಗೆ ಮಾತ್ರ. ಅಲ್ಲಿ ಸಿಗುವ ಪನೀರ್ ಬಟರ್ ಮಸಾಲಾ ಬೇರೆ ಯಾವ ಊರಿನಲ್ಲಾದರೂ ಸಿಗುತ್ತದೆ. ಅದನ್ನು ತಿನ್ನಿಸಲು ಇಷ್ಟು ದೂರದಿಂದ ಜನರನ್ನು ಕರೆಸಿಕೊಳ್ಳಬೇಕೇ ಎಂಬುದು ನನ್ನ ಸಂಕೋಚ. ಎಲ್ಲರೂ ಒಂದೇ ಕಡೆ ಕುಳಿತು, ಅವರವರಿಗೆ ಬೇಕಾದುದನ್ನು ಉಣ್ಣುವಂತಹ ಸ್ಥಳ ಈ ಊರಿನಲ್ಲಿದೆಯೇ? ಇಲ್ಲದಿದ್ದರೆ ಎರಡು ದಿನಗಳನ್ನು ಹೇಗೆ ಹಂಚಿಕೊಳ್ಳಬಹುದು? ಬಲ್ಲವರು ದಯವಿಟ್ಟು ತಿಳಿಸಬೇಕು.

ಚಾಮರಾಜಪೇಟೆಯ ಹಳಬ

ಸ್ವಾಮಿ, ಎಲ್ಲರ ಅಡುಗೆಯನ್ನೂ ಒಂದೇ ಸೂರಿನಡಿ ಮಾಡುವ ಹೋಟೆಲುಗಳು ಬೇಕಾದಷ್ಟಿವೆ, ಆದರೆ ನೀವೇ ಹೇಳಿದಂತೆ ಅಲ್ಲಿ ದಾವಣಗೆರೆ ಇರುವುದಿಲ್ಲ. ಈ ಊರಿನಲ್ಲಿ ಹೋಟೆಲು ಹುಡುಕುವ ಮೊದಲು ಗಡಿಯಾರ ನೋಡಿಕೊಳ್ಳಬೇಕು. ಹತ್ತಿ ಗಿರಣಿಗಳ ಪಾಳಿ, ಮಂಡಿಪೇಟೆಯ ದಲ್ಲಾಳಿಗಳ ವ್ಯಾಪಾರ, ಸುತ್ತಲಿನ ಹಳ್ಳಿಗಳಿಂದ ಸಂತೆ, ಆಸ್ಪತ್ರೆ, ಕೋರ್ಟು ಎಂದು ಬಂದು ಹೋಗುವ ಜನ, ಇವರನ್ನು ನಂಬಿಕೊಂಡು ಬೆಳೆದ ಹೋಟೆಲುಗಳು ಇಲ್ಲಿಯವು. ಗಿರಣಿಗಳು ಮುಚ್ಚಿ ಎಷ್ಟೋ ಕಾಲವಾದರೂ ಆ ಹೊತ್ತಿನ ಅಭ್ಯಾಸ ಇನ್ನೂ ಹೋಗಿಲ್ಲ. ಬೆಳಗಿನ ಜಾವಕ್ಕೆ ಒಂದು, ನಡುಮಧ್ಯಾಹ್ನಕ್ಕೆ ಒಂದು, ದೀಪ ಹಚ್ಚುವ ಹೊತ್ತಿಗೆ ಇನ್ನೊಂದು. ಆಯಾ ಹೊತ್ತಿಗೆ ಆಯಾ ಪೇಟೆಗೆ ಹೋದರೆ ಊಟ ರುಚಿಸುತ್ತದೆ.

ಮೊದಲು ಬೆಣ್ಣೆ ದೋಸೆಯ ವಿಷಯ. 1928ರ ಸುಮಾರಿಗೆ ಬೆಳಗಾವಿ ಜಿಲ್ಲೆಯ ಕಡೆಯಿಂದ ಮಕ್ಕಳೊಂದಿಗೆ ಬಂದ ಚೆನ್ನಮ್ಮ ಎಂಬಾಕೆ ಸವಳಗಿ ನಾಟಕ ಥಿಯೇಟರಿನ ಬಳಿ ದೋಸೆ ಹಾಕಲು ಆರಂಭಿಸಿದರು, ಮೊದಲು ರಾಗಿ ಹಿಟ್ಟಿನದಾಗಿದ್ದ ಆ ದೋಸೆ ಕ್ರಮೇಣ ಅಕ್ಕಿ, ಉದ್ದು, ಮಂಡಕ್ಕಿಯ ಹಿಟ್ಟಿಗೆ ಬದಲಾಯಿತು, ಅವರ ಮಕ್ಕಳು ಹೋಟೆಲು ಇಟ್ಟು ಅದನ್ನು ಊರೆಲ್ಲ ಹಬ್ಬಿಸಿದರು ಎಂಬುದು ಇಲ್ಲಿ ಎಲ್ಲರ ಬಾಯಲ್ಲಿರುವ ಕಥೆ. ಇಂದು ಬೆಂಗಳೂರಿನಲ್ಲೂ "ದಾವಣಗೆರೆ ಬೆಣ್ಣೆ ದೋಸೆ" ಎಂಬ ಫಲಕವಿಲ್ಲದ ಬಡಾವಣೆ ಅಪರೂಪ. ಆದರೆ ಅಲ್ಲಿನ ಗ್ಯಾಸ್ ಒಲೆಯ ದೋಸೆಯನ್ನೇ ತಿಂದವರು ಇಲ್ಲಿಯ ಸೌದೆ ಒಲೆಯ ಮುಂದೆ ಒಂದರ್ಧ ಗಂಟೆ ನಿಲ್ಲಬೇಕು. ಕಾವಲಿಯ ಮೇಲೆ ನೀರು ಚಿಮುಕಿಸಿ ಕಸಬರಿಗೆಯಿಂದ ಗುಡಿಸುತ್ತಾರೆ, ಅಂಗೈಗಿಂತ ತುಸು ದೊಡ್ಡದಾಗಿ, ದಪ್ಪವಾಗಿ ಸಾಲಾಗಿ ಹಿಟ್ಟು ಹುಯ್ಯುತ್ತಾರೆ, ಮೇಲ್ಮೈಯಲ್ಲಿ ತೂತುಗಳು ಏಳುವ ಹೊತ್ತಿಗೆ ಬೆಣ್ಣೆ ಬೀಳುತ್ತದೆ. ಉರಿ ಹೆಚ್ಚಾಯಿತೆನಿಸಿದರೆ ಭಟ್ಟರು ಬಗ್ಗಿ ಒಂದು ಕೊರಡನ್ನು ಹೊರಗೆಳೆಯುತ್ತಾರೆ, ಇಳಿಯಿತೆನಿಸಿದರೆ ಕಾಲಿನಿಂದಲೇ ಒಳಗೆ ನೂಕುತ್ತಾರೆ. ತಳ ಗರಿಗರಿಯಾಗಿ ಒಡೆಯುವುದು, ನಡುವೆ ಹತ್ತಿಯಂತೆ ಮೆತ್ತಗಿರುವುದು, ಎರಡೂ ಒಂದೇ ದೋಸೆಯಲ್ಲಿ ಸಾಧ್ಯವಾಗುವುದು ಆ ಹಿಟ್ಟು ಮತ್ತು ಆ ಉರಿಯ ಹೊಂದಾಣಿಕೆಯಿಂದ.

ಕೇಳುವಾಗ "ಬೆಣ್ಣೆ ಖಾಲಿ" ಎಂದರೆ ಮೆತ್ತಗಿನ ದೋಸೆ, "ಬೆಣ್ಣೆ ಮಸಾಲೆ" ಎಂದರೆ ಗರಿಯಾಗಿ ಬೇಯಿಸಿ ಪಲ್ಯವಿಟ್ಟದ್ದು. ಪಲ್ಯಕ್ಕೆ ಅರಿಶಿನ ಹಾಕುವ ಪದ್ಧತಿ ಇಲ್ಲ. ಬೆಳ್ಳಗಿನ ಆಲೂಗಡ್ಡೆ ನೋಡಿ ನಿಮ್ಮ ನೆಂಟರು ಅನುಮಾನಿಸಬಾರದು. ಚಟ್ನಿ ತೆಳುವಾಗಿ, ಹಸಿಮೆಣಸಿನಕಾಯಿಯ ಖಾರದಿಂದ ಕೂಡಿರುತ್ತದೆ. ಸಾಂಬಾರು ಕೇಳಬೇಡಿ, ಬಹಳಷ್ಟು ಕಡೆ ಇರುವುದಿಲ್ಲ, ಬೇಕಾಗುವುದೂ ಇಲ್ಲ. ಗುರು ಕೊಟ್ಟೂರೇಶ್ವರ, ರವಿ ಎಂಬ ದೋಸೆ ಹೋಟೆಲುಗಳ ಹೆಸರುಗಳನ್ನು ನೀವು ಈಗಾಗಲೇ ಕೇಳಿರುತ್ತೀರಿ, ಅವುಗಳ ಬಗ್ಗೆ ನಾನು ಹೊಸದಾಗಿ ಹೇಳಬೇಕಾದುದಿಲ್ಲ. ಹನ್ನೊಂದು ಮಂದಿ ಭಾನುವಾರ ಬೆಳಿಗ್ಗೆ ಒಂಬತ್ತರ ಮೇಲೆ ಹೆಸರಾಂತ ಹೋಟೆಲಿಗೆ ಹೋದರೆ ಒಟ್ಟಿಗೆ ಕೂರುವ ಆಸೆ ಬಿಡಬೇಕು. ಶನಿವಾರ ಏಳೂವರೆಗೆ ಹೋದರೆ ಕೂರಬಹುದು.

ಹದಡಿ ರಸ್ತೆಯ ಮೇಡಂ

ಹಳಬರು ಹೇಳಿದ್ದಕ್ಕೆ ಒಂದು ಎಚ್ಚರಿಕೆಯನ್ನು ಸೇರಿಸಬೇಕು. ಬೆಣ್ಣೆ ದೋಸೆಯ ಆಲೂಗಡ್ಡೆ ಪಲ್ಯದಲ್ಲಿ ಈರುಳ್ಳಿ ಇದ್ದೇ ಇರುತ್ತದೆ, ಖಾಲಿ ದೋಸೆಯ ಜೊತೆಗೂ ತಟ್ಟೆಯ ಬದಿಯಲ್ಲಿ ಒಂದು ಹಿಡಿ ಪಲ್ಯ ಇಟ್ಟೇ ಕೊಡುತ್ತಾರೆ. ಆ ಹಿರಿಯರಿಗೆ ಖಾಲಿ ದೋಸೆಯನ್ನು ಪಲ್ಯವಿಲ್ಲದೆ ಕೊಡಿ ಎಂದು ಮೊದಲೇ ಹೇಳಬೇಕು, ಚಟ್ನಿಗೆ ಬೆಳ್ಳುಳ್ಳಿ ಹಾಕಿದ್ದಾರೆಯೇ ಎಂದು ಒಲೆಯ ಮುಂದೆ ಇರುವವರನ್ನೇ ವಿಚಾರಿಸಬೇಕು. ಬಡಿಸುವ ಹುಡುಗರನ್ನು ಕೇಳಿದರೆ ಅವರು ಎಲ್ಲಕ್ಕೂ "ಇಲ್ಲ ಸರ್" ಎನ್ನುತ್ತಾರೆ.

ನನ್ನನ್ನು ಕೇಳಿದರೆ ಈ ಊರಿನ ನಿಜವಾದ ಊಟ ಮಧ್ಯಾಹ್ನದ ರೊಟ್ಟಿ ಊಟ. ದೋಸೆಯ ಹೆಸರಿನ ಮುಂದೆ ಅದು ಮರೆಯಾಗಿಬಿಟ್ಟಿದೆ. ದಾವಣಗೆರೆ ಇರುವ ಜಾಗವನ್ನು ನೋಡಿ: ಭದ್ರಾ ನಾಲೆಯ ನೀರು ಕಂಡ ಕಡೆಯಲ್ಲಿ ಭತ್ತ, ಜಗಳೂರಿನ ಕಡೆ ಮಳೆ ನಂಬಿದ ಒಣಭೂಮಿ, ದಕ್ಷಿಣಕ್ಕೆ ಚಿತ್ರದುರ್ಗದ ಮುದ್ದೆಯ ಸೀಮೆ, ಉತ್ತರಕ್ಕೆ ಹರಿಹರ ದಾಟಿದರೆ ರೊಟ್ಟಿಯ ನಾಡು. ನಾಲ್ಕೂ ಕಡೆಯ ಜನ ಈ ಪೇಟೆಗೆ ಬರುವುದರಿಂದ ಒಂದೇ ಬೀದಿಯಲ್ಲಿ ಮುದ್ದೆ, ರೊಟ್ಟಿ, ಅನ್ನ ಮೂರೂ ಸಿಗುತ್ತವೆ. ಹಾಗಿದ್ದರೂ ಖಾನಾವಳಿಯಲ್ಲಿ ಗೆದ್ದಿರುವುದು ಜೋಳದ ರೊಟ್ಟಿಯೇ.

ಒಳ್ಳೆಯ ಲಿಂಗಾಯತ ಖಾನಾವಳಿಯನ್ನು ಗುರುತಿಸುವುದು ಕಷ್ಟವಲ್ಲ, ಒಳಗೆ ರೊಟ್ಟಿ ತಟ್ಟುವ ಸದ್ದು ಊಟದ ಕೋಣೆಗೆ ಕೇಳಿಸಬೇಕು. ಕೇಳಿಸದಿದ್ದರೆ ಎಲ್ಲಿಂದಲೋ ತರಿಸಿಟ್ಟ ಕಟಕು ರೊಟ್ಟಿಯನ್ನು ಕೊಡುತ್ತಿದ್ದಾರೆಂದು ತಿಳಿಯಿರಿ. ಅದೂ ತಪ್ಪೇನಲ್ಲ, ಆದರೆ ಬಿಸಿ ರೊಟ್ಟಿಯನ್ನು ಎಣ್ಣೆಗಾಯಿಯ ರಸದಲ್ಲಿ ಅದ್ದಿ ತಿನ್ನುವ ಸುಖ ಅದರಲ್ಲಿಲ್ಲ. ತಟ್ಟೆಯಲ್ಲಿ ಎಣ್ಣೆಗಾಯಿ, ಒಂದು ಕಾಳು ಪಲ್ಯ, ದಿನ ಚೆನ್ನಾಗಿದ್ದರೆ ಪುಂಡಿಪಲ್ಯ, ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ, ಗಟ್ಟಿ ಮೊಸರು, ಹಸಿ ಮೆಂತ್ಯ ಸೊಪ್ಪು, ಸೌತೆಕಾಯಿ ಹೋಳು ಬರುತ್ತವೆ. ಪುಡಿಯ ಮಧ್ಯದಲ್ಲಿ ಬೆರಳಿನಿಂದ ಗುಳಿ ಮಾಡಿ ಎಣ್ಣೆ ಹಾಕಿಸಿಕೊಳ್ಳಬೇಕು. ಹಾಕಿಸಿಕೊಳ್ಳದೆ ಒಣಪುಡಿ ತಿಂದು ಕೆಮ್ಮುವವರನ್ನು ಕಂಡರೆ ಹೊರಗಿನವರೆಂದು ಪಕ್ಕದ ಮೇಜಿನವರಿಗೆ ಗೊತ್ತಾಗುತ್ತದೆ. ಒಂದೂವರೆಯ ಒಳಗೆ ಹೋಗಿ. ಎರಡೂವರೆಯ ನಂತರ ಪಲ್ಯಗಳು ತಳ ಕಂಡಿರುತ್ತವೆ.

ಆದರೆ ಈರುಳ್ಳಿ ಬೆಳ್ಳುಳ್ಳಿ ಬಿಟ್ಟವರಿಗೆ ಖಾನಾವಳಿ ಒಗ್ಗುವುದಿಲ್ಲ ಎಂಬುದನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ಎಣ್ಣೆಗಾಯಿಯ ಮಸಾಲೆಯೇ ಅವೆರಡರಿಂದ ಆಗಿರುತ್ತದೆ. ರೊಟ್ಟಿ, ಮೊಸರು, ಗುರೆಳ್ಳು ಪುಡಿಯಲ್ಲಿ ಅವರು ಊಟ ಮುಗಿಸಬೇಕಾಗುತ್ತದೆ, ಆ ಪುಡಿಗೂ ಬೆಳ್ಳುಳ್ಳಿ ಬಿದ್ದಿಲ್ಲವೆಂದು ಖಚಿತವಾದ ಮೇಲೆ.

ಆಜಾದ್ ನಗರದ ಗೆಳೆಯ

ಮಾಂಸದ ಊಟದ ಬಗ್ಗೆ ಯಾರೂ ಬಾಯಿ ಬಿಡದ್ದರಿಂದ ನಾನು ಬರೆಯುತ್ತಿದ್ದೇನೆ. ನಿಮ್ಮ ಸ್ನೇಹಿತರು "ಖಾರದ ಮಟನ್" ಎಂದಿದ್ದಾರೆ, "ಬಿರಿಯಾನಿ" ಎಂದಿಲ್ಲ. ಇವೆರಡೂ ಬೇರೆ ಬೇರೆ ದಾರಿ. ಖಾರ ಬೇಕಾದರೆ ಸಾವಜಿ ಊಟ. ಹುಬ್ಬಳ್ಳಿ, ಗದಗದ ಕಡೆಯ ಎಸ್‌ಎಸ್‌ಕೆ (ಸೋಮವಂಶ ಸಹಸ್ರಾರ್ಜುನ ಕ್ಷತ್ರಿಯ) ಸಮಾಜದವರ ಅಡುಗೆ ಇದು. ಸಾರು ಕೆಂಪಗೆ, ತೆಳ್ಳಗೆ, ಮೇಲೆ ಎಣ್ಣೆ ತೇಲುತ್ತಾ ಬರುತ್ತದೆ, ಮೊದಲ ತುತ್ತಿಗೆ ಏನೂ ಅನಿಸುವುದಿಲ್ಲ, ಮೂರನೆಯದಕ್ಕೆ ಹಣೆ ಬೆವರುತ್ತದೆ. ಖೀಮಾ ಉಂಡೆ ಇದ್ದರೆ ಬಿಡಬೇಡಿ. ಕರಾವಳಿಯವರು ಕೊಬ್ಬರಿ ಹಾಕಿದ ಸಾರಿಗೆ ಒಗ್ಗಿಕೊಂಡವರು, ಇದು ಅವರಿಗೆ ನಿಜಕ್ಕೂ ಹೊಸ ರುಚಿಯಾದೀತು.

ಬಿರಿಯಾನಿ ಬೇಕಾದರೆ ನಮ್ಮ ಆಜಾದ್ ನಗರ, ಬಾಷಾ ನಗರದ ಕಡೆಗೆ ಬನ್ನಿ. ಹೊತ್ತಿನ ಬಗ್ಗೆ ಚಾಮರಾಜಪೇಟೆಯ ಹಿರಿಯರು ಹೇಳಿದ ಮಾತು ಇಲ್ಲಿ ಇನ್ನೂ ಖಡಾಖಂಡಿತ. ದಮ್ ಬಿಚ್ಚಿದ ಮೊದಲ ಗಂಟೆಯಲ್ಲಿ ತಿಂದ ಬಿರಿಯಾನಿಗೂ ಮಧ್ಯಾಹ್ನ ಮೂರಕ್ಕೆ ಹಂಡೆಯ ತಳದಿಂದ ಕೆರೆದು ಕೊಡುವ ಬಿರಿಯಾನಿಗೂ ಸಂಬಂಧವೇ ಇರುವುದಿಲ್ಲ. ಮಾಂಸ ಬೇಡವೆನ್ನುವ ಮಕ್ಕಳಿಗೆ ಕುಷ್ಕಾ ಕೊಡಿಸಬಹುದು. ಆದರೆ ಅದು ಬಿರಿಯಾನಿ ಹಂಡೆಯದೇ ಅನ್ನವಾದ್ದರಿಂದ ಸಸ್ಯಾಹಾರಿಗಳಿಗೆ ತಪ್ಪಿಯೂ ಕೊಡಿಸಬೇಡಿ.

ಕುಟುಂಬದೊಂದಿಗೆ ಹೋಗುವಾಗ ಒಂದು ವಿಷಯ ನೋಡಿಕೊಳ್ಳಬೇಕು. ಮಟನ್ ಊಟದ ಫಲಕವಿರುವ ಕೆಲವು ಜಾಗಗಳು ಸಂಜೆಯಾದ ಮೇಲೆ ಪಕ್ಕದ ವೈನ್ ಶಾಪಿನ ಗಿರಾಕಿಗಳಿಂದ ತುಂಬಿರುತ್ತವೆ. ಹೆಂಗಸರು ಮಕ್ಕಳ ಜೊತೆ ಹೋಗುವುದಾದರೆ ಮಧ್ಯಾಹ್ನವೇ ಹೋಗಬೇಕು. ಇನ್ನು ಮಕ್ಕಳ ಗೋಬಿಯ ವಿಚಾರ: 2024ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತು, ಜೂನ್‌ನಲ್ಲಿ ಕಬಾಬಿಗೂ ಅದನ್ನು ವಿಸ್ತರಿಸಿತು. ಆದ್ದರಿಂದ ಕಂದು ಬಣ್ಣದ ಗೋಬಿ ಕೊಡುವ ಗಾಡಿಯವನೇ ನಂಬಿಕಸ್ಥ. ಈಗಲೂ ಎಲ್ಲಾದರೂ ಕುಂಕುಮದಷ್ಟು ಕೆಂಪಗೆ ಕಂಡರೆ ಮುಂದಿನ ಗಾಡಿಗೆ ನಡೆಯಿರಿ.

ವಿದ್ಯಾನಗರದ ಹೊಸಬ

ಇಷ್ಟು ವಿವರವಾಗಿ ಬರೆದುದಕ್ಕೆ ಎಲ್ಲರಿಗೂ ಧನ್ಯವಾದಗಳು. ಆದರೆ ಮೇಡಂ ಅವರ ಮಾತು ಕೇಳಿದ ಮೇಲೆ ಆ ಹಿರಿಯ ದಂಪತಿಯ ಚಿಂತೆ ಹೆಚ್ಚಾಯಿತು. ಎಲ್ಲ ಕಡೆಯೂ ಅವರಿಗೆ ಮೊಸರನ್ನವೇ ಗತಿಯಾದರೆ ನಾವು ಉಂಡದ್ದು ನಮಗೆ ಮೈಗೆ ಹತ್ತುವುದಿಲ್ಲ. ಒಂದು ಹೊತ್ತಾದರೂ ಅವರೇ ಮುಖ್ಯ ಅತಿಥಿಗಳಾಗುವ ಊಟ ಆಗಬೇಕು.

ಪಿ.ಜೆ. ಬಡಾವಣೆಯ ಗೃಹಸ್ಥ

ಹಾಗಾದರೆ ನೀವು ಆರಂಭದಲ್ಲೇ ತಳ್ಳಿಹಾಕಿದ ಫ್ಯಾಮಿಲಿ ರೆಸ್ಟೋರೆಂಟಿಗೇ ಮರಳಬೇಕಾಗುತ್ತದೆ. ಇಲ್ಲಿ ಬರೆದವರೆಲ್ಲ ಅದನ್ನು ಸ್ವಲ್ಪ ಹಗುರವಾಗಿ ಕಂಡಿದ್ದೀರಿ. ಬೆನ್ನಿಗೆ ಆಸರೆಯಿರುವ ಕುರ್ಚಿ, ನೆಲಮಹಡಿಯಲ್ಲೇ ಶೌಚಾಲಯ, ಬಾಗಿಲ ತನಕ ಕಾರು, ಮೊಣಕಾಲು ನೋವಿನವರಿಗೆ ರುಚಿಗಿಂತ ಮೊದಲು ಬೇಕಾಗುವುದು ಇವು. ಖಾನಾವಳಿಯ ಬೆಂಚಿನ ಮೇಲೆ ಅವರನ್ನು ಕೂರಿಸಿ ಎಣ್ಣೆಗಾಯಿಯ ಹೆಗ್ಗಳಿಕೆಯನ್ನು ವರ್ಣಿಸಿದರೆ ಅವರು ಸೌಜನ್ಯಕ್ಕೆ ತಲೆಯಾಡಿಸಿಯಾರು, ಅಷ್ಟೇ.

ಈರುಳ್ಳಿ ಬೆಳ್ಳುಳ್ಳಿಯ ಸಮಸ್ಯೆಗೆ ಈ ಊರಿನಲ್ಲಿ ಒಂದು ಸುಲಭದ ದಾರಿ ಇದೆ. ಪೇಟೆಯಲ್ಲಿ ಜೈನ ವ್ಯಾಪಾರಿ ಕುಟುಂಬಗಳು ಬಹಳ ಹಿಂದಿನಿಂದ ನೆಲೆಸಿರುವುದರಿಂದ, ಉತ್ತರ ಭಾರತದ ಅಡುಗೆ ಮಾಡುವ ಸಸ್ಯಾಹಾರಿ ಹೋಟೆಲುಗಳಲ್ಲಿ "ಜೈನ್ ಅಡುಗೆ ಬೇಕು" ಎಂದರೆ ಸಾಕು, ಒಳಗಿನವರಿಗೆ ಅರ್ಥವಾಗುತ್ತದೆ. "ಈರುಳ್ಳಿ ಕಡಿಮೆ ಹಾಕಿ" ಎಂದರೆ ಕಡಿಮೆ ಹಾಕುತ್ತಾರೆ. "ಜೈನ್" ಎಂದರೆ ಹಾಕುವುದೇ ಇಲ್ಲ. ಆಲೂಗಡ್ಡೆಯೂ ಹೋಗುತ್ತದೆ, ಅದೊಂದು ನಷ್ಟವನ್ನು ಸಹಿಸಿಕೊಳ್ಳಬೇಕು. ಹಿಂದಿನ ದಿನವೇ ಹೋಗಿ, ಮ್ಯಾನೇಜರನ್ನು ಕಂಡು, ಹನ್ನೊಂದು ಮಂದಿ ಎಷ್ಟು ಹೊತ್ತಿಗೆ ಬರುತ್ತೇವೆ, ಅವರಲ್ಲಿ ಇಬ್ಬರಿಗೆ ಜೈನ್ ಅಡುಗೆ ಎಂದು ತಿಳಿಸಿ. ಶನಿವಾರ ರಾತ್ರಿ ಎಂಟಕ್ಕೆ ಮೊದಲು ಕುಳಿತುಬಿಡಬೇಕು. ಎಂಟೂವರೆಗೆ ಬಾಪೂಜಿ ಇಂಜಿನಿಯರಿಂಗ್ ಕಾಲೇಜಿನ ಮತ್ತು ಜೆಜೆಎಂ ಮೆಡಿಕಲ್ ಕಾಲೇಜಿನ ಹುಡುಗರು ಗುಂಪುಗುಂಪಾಗಿ ಬರಲಾರಂಭಿಸಿದರೆ ಅಡುಗೆಮನೆ ನಿಮ್ಮ ಮಾತು ಕೇಳುವ ಸ್ಥಿತಿಯಲ್ಲಿರುವುದಿಲ್ಲ. ಅಂದಹಾಗೆ, ಆ ಹುಡುಗರ ಋಣವೂ ನಮ್ಮ ಮೇಲಿದೆ. 1965ರಲ್ಲಿ ಮೆಡಿಕಲ್ ಕಾಲೇಜು, 1979ರಲ್ಲಿ ಇಂಜಿನಿಯರಿಂಗ್ ಕಾಲೇಜು ಬಂದು ದೇಶದ ನಾನಾ ಭಾಗದ ವಿದ್ಯಾರ್ಥಿಗಳು ಹಾಸ್ಟೆಲುಗಳಲ್ಲಿ ನೆಲೆಸಿದ್ದರಿಂದಲೇ ಈ ಊರಿನಲ್ಲಿ ಪರೋಟ, ಛೋಲೆ, ನೂಡಲ್ಸ್ ಬೇರೂರಿದ್ದು. ಎಂಸಿಸಿ ಬಿ ಬ್ಲಾಕಿನ ಮಾಮಾಸ್ ಜಾಯಿಂಟ್ ರಸ್ತೆಯ ಕಡೆ ಸಂಜೆ ಮಕ್ಕಳನ್ನು ಬಿಟ್ಟರೆ ಅವರ ತಾಯಿಯ ಆತಂಕ ಅಲ್ಲಿಗೇ ತೀರುತ್ತದೆ.

ಚಾಮರಾಜಪೇಟೆಯ ಹಳಬ

ಜೈನ್ ಅಡುಗೆಯ ಸಲಹೆ ಒಪ್ಪತಕ್ಕದ್ದೇ. ಆದರೂ ಉಡುಪಿಯಿಂದ ಬಂದ ಹಿರಿಯರಿಗೆ ಪನೀರ್ ತಿನ್ನಿಸಿ ಮುಖ್ಯ ಅತಿಥಿಗಳನ್ನಾಗಿ ಮಾಡಿದೆವೆನ್ನುವುದು ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಅವರ ಪಾಲಿನ ಹೊತ್ತು ಬೆಳಗಿನ ದೋಸೆಯೇ ಆಗಲಿ. ಬೆಣ್ಣೆ ಖಾಲಿ ದೋಸೆ, ಮೇಲೆ ಇನ್ನೊಂದು ಉಂಡೆ ಬೆಣ್ಣೆ, ಪಲ್ಯದ ಬದಲು ಮನೆಯಿಂದ ಒಯ್ದ ಚಟ್ನಿಪುಡಿ. ಹೋಟೆಲಿನವರು ಇದಕ್ಕೆ ಬೇಸರಿಸುವುದಿಲ್ಲ, ಊರಿನ ಎಷ್ಟೋ ಹಿರಿಯರು ಹಾಗೆಯೇ ತಿನ್ನುತ್ತಾರೆ.

ಮಂಡಕ್ಕಿ ಭಟ್ಟಿಯ ನೆರೆಯವ

ಮಂಡಕ್ಕಿಯನ್ನು ದೋಸೆ ಹಿಟ್ಟಿಗಷ್ಟೇ ಮೀಸಲಿಟ್ಟು ಚರ್ಚೆ ಮುಗಿಸುತ್ತಿದ್ದೀರಲ್ಲ! ಭತ್ತ ನೆನೆಸಿ, ಬೇಯಿಸಿ, ಒಣಗಿಸಿ, ಕಾದ ಮರಳಿನಲ್ಲಿ ಹುರಿದು ಮಂಡಕ್ಕಿ ಮಾಡುವ ಭಟ್ಟಿಗಳಿಂದಲೇ ಒಂದು ಬಡಾವಣೆಗೆ ಹೆಸರು ಬಂದಿರುವ ಊರು ಇದು. ಸಂಜೆ ಗಾಜಿನ ಮನೆ, ಕುಂದುವಾಡ ಕೆರೆ ತೋರಿಸಿಕೊಂಡು ಮರಳುವಾಗ ಯಾವುದಾದರೂ ಗಾಡಿಯ ಮುಂದೆ ನಿಲ್ಲಿಸಿ. ಖಾರ ಮಂಡಕ್ಕಿ, ನರ್ಗೀಸ್ ಮಂಡಕ್ಕಿ, ಜೊತೆಗೆ ಬಾಣಲೆಯಿಂದ ಆಗಷ್ಟೇ ಎತ್ತಿದ ಮೆಣಸಿನಕಾಯಿ ಬಜ್ಜಿ, ಇವು ಮೂರು ಇದ್ದರೆ ರಾತ್ರಿಯ ಊಟ ತುಸು ತಡವಾದರೂ ಯಾರೂ ಗೊಣಗುವುದಿಲ್ಲ. ಈರುಳ್ಳಿ ಬಿಟ್ಟವರಿಗೆ ಬೇರೆ ಬುಟ್ಟಿಯಲ್ಲಿ ಕಲಸಿಕೊಡಲು ಹೇಳಿ, ಕಣ್ಣೆದುರೇ ಕಲಸುವುದರಿಂದ ಅನುಮಾನಕ್ಕೆ ಎಡೆಯಿಲ್ಲ.

ವಿದ್ಯಾನಗರದ ಹೊಸಬ

ಎಲ್ಲರ ಮಾತನ್ನೂ ಕೂಡಿಸಿ ಹೀಗೆ ಯೋಚಿಸಿದ್ದೇನೆ. ಶನಿವಾರ ಬೆಳಿಗ್ಗೆ ಏಳೂವರೆಗೆ ಎಲ್ಲರೂ ಬೆಣ್ಣೆ ದೋಸೆಗೆ ಹೋಗುವುದು. ಸಂಜೆ ಮಂಡಕ್ಕಿ, ರಾತ್ರಿ ಬೇಗನೆ ಜೈನ್ ಅಡುಗೆ ಸಿಗುವ ಸಸ್ಯಾಹಾರಿ ಹೋಟೆಲು. ಭಾನುವಾರ ಬೆಳಿಗ್ಗೆ ಹರಿಹರೇಶ್ವರನ ದರ್ಶನ ಮುಗಿಸಿ ಬಂದು ಮಧ್ಯಾಹ್ನ ಎರಡು ಗುಂಪಾಗುವುದು: ಮಾಂಸಾಹಾರಿಗಳು ಸಾವಜಿಗೆ, ನಾವು ಖಾನಾವಳಿಯ ರೊಟ್ಟಿಗೆ. ಹಿರಿಯ ದಂಪತಿಗೆ ಆ ಹೊತ್ತು ಮನೆಯಲ್ಲೇ ಸಾರು ಅನ್ನ, ಹೇಗೂ ಅವರಿಗೆ ದೇವಸ್ಥಾನದಿಂದ ಬಂದ ಮೇಲೆ ಮಲಗುವ ಅಭ್ಯಾಸವಿದೆ.

ಹದಡಿ ರಸ್ತೆಯ ಮೇಡಂ

ಒಂದು ಬದಲಾವಣೆ ಮಾಡಿಕೊಳ್ಳಿ. ಖಾನಾವಳಿಗಳ ಗಿರಾಕಿಗಳು ಹೆಚ್ಚಾಗಿ ಕಚೇರಿ, ಕೋರ್ಟು, ಮಂಡಿಗೆ ಬಂದವರಾದ್ದರಿಂದ ಕೆಲವರು ಭಾನುವಾರ ಬಾಗಿಲು ತೆರೆಯುವುದಿಲ್ಲ, ತೆರೆದರೂ ಎರಡೇ ಪಲ್ಯದಲ್ಲಿ ಸಾಗಿಸುತ್ತಾರೆ. ರೊಟ್ಟಿ ಊಟವನ್ನು ಶನಿವಾರ ಮಧ್ಯಾಹ್ನಕ್ಕೆ ತನ್ನಿ, ನೀವು ಹೇಗಿದ್ದರೂ ಆ ಹೊತ್ತನ್ನು ಖಾಲಿ ಬಿಟ್ಟಿದ್ದೀರಿ. ಬೆಳಿಗ್ಗೆ ಮಾತ್ರ ತಲಾ ಎರಡು ದೋಸೆಗೆ ನಿಲ್ಲಿಸಬೇಕು, ಇಲ್ಲದಿದ್ದರೆ ಒಂದೂವರೆಗೆ ಯಾರಿಗೂ ಹಸಿವಿರುವುದಿಲ್ಲ.